ಗರಟೆ ಪೈಸಾರಿ

ಊನಾ ಟೂಹಿ ಎಂಬವರು ನ್ಯೂಜಿಲೆಂಡಿನಿಂದ ಬರೆದಿದ್ದಾರೆ.
ಎಂಬತ್ತೊಂದರ ಕೈ, ಸಾಲು ಬಲಕ್ಕೆ ಹೋದಂತೆ ಕೆಳಗೆ ಜಾರುತ್ತದೆ:
ನಮ್ಮ ಮನೆತನಕ್ಕೂ ಗೆರಟಿಯವರಿಗೂ ಏನು ನಂಟು?
ಐರ್ಲೆಂಡಿನ ಒಂದೇ ಹಳ್ಳಿ, ಒಂದೇ ಹಡಗು,
ಆಮೇಲೆ ಎರಡೂ ವಂಶ ನಿಮ್ಮ ವಿರಾಜಪೇಟೆಗೆ ಬಂದು
ಮಂಜಿನೊಳಗೆ ಹೊಕ್ಕುಬಿಡುತ್ತವೆ.
ಎಲ್ಲೋ ಒಂದು ಮದುವೆ ಇದ್ದೀತು, ದಯವಿಟ್ಟು ನೋಡಿ.

ನಾನು ಸೆರಾಫಿನಾ. ಇಗರ್ಜಿಯ ಕಪಾಟಿನ ಬೀಗದ ಕೈ
ಇಪ್ಪತ್ತಾರು ವರ್ಷದಿಂದ ನನ್ನ ಸೆರಗಿನ ತುದಿಯಲ್ಲಿದೆ.

ಹುಟ್ಟು ಮುಂದೆ, ಸಾವು ಹಿಂದೆ, ಒಂದೇ ರಟ್ಟು.
ಬಿಚ್ಚಿದರೆ ಯಾರೋ ಹುಳುವಿಗೆಂದು ಇಟ್ಟ ಕರಿಮೆಣಸಿನ ಘಾಟು.
ಗೋವೆಯ ಪಾದ್ರಿಯ ಕಿವಿ, ಐರಿಷ್ ನಾಲಗೆ, ಲ್ಯಾಟಿನ್ ಶಾಯಿ:
ಆ ಹೆಸರಿಗೆ ಒಂದು ಪುಟದಲ್ಲಿ ಎಂಟಕ್ಷರ,
ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಏಳು.
ಮೂರು ಮನೆಯೆಂದು ಊನಾ ಲೆಕ್ಕ ಹಾಕಿದ್ದಾರೆ.
ನಾನು ಗಟ್ಟಿಯಾಗಿ ಓದಿದೆ. ಕ್ಯೂರಿಂಗ್ ವರ್ಕ್ಸಿನ ಹಳೇ ಬಿಲ್ಲಿನ ಬೆನ್ನಿಗೆ
ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದೆ:
ಗೆರಟಿ. ಗೆರ್ಟಿ. ಗೆರಿಟಿ.
ನಮ್ಮ ಅಕ್ಷರಕ್ಕೆ ಬಾಯಿ ಮುಚ್ಚಿ ಕೂರುವುದು ಗೊತ್ತಿಲ್ಲ.
ಒಬ್ಬನೇ ಮನುಷ್ಯನನ್ನು ಮೂರು ಜನ ಕೂಗಿದ ಹಾಗಿತ್ತು.

ಆದರೆ ಮದುವೆ ಇಲ್ಲ. ಎರಡು ಸಲ ಹುಡುಕಿದೆ,
ಮೂರನೆಯ ಸಲ ಕನ್ನಡಕ ಒರೆಸಿಕೊಂಡು.
ಇದ್ದದ್ದು ಅಂಚಿನ ಇಕ್ಕಟ್ಟು ಕಾಲಮ್ಮಿನಲ್ಲಿ, ಯಾರೂ ಓದದಲ್ಲಿ:
ಟೂಹಿಯ ಐದು ಮಕ್ಕಳಿಗೂ ಜ್ಞಾನದ ತಂದೆ ಗೆರಟಿ,
ಗೆರಟಿಯ ಮೂವರಿಗೆ ಟೂಹಿಯ ಹೆಂಡತಿ ಜ್ಞಾನದ ತಾಯಿ.
ಬೋರರ್ ಹೊಕ್ಕು ಕಾಫಿಗಿಡ ಬುಡದಿಂದ ಟೊಳ್ಳಾದ ವರ್ಷ
ಟೂಹಿ ಸತ್ತ. ಸಾವಿನ ಪುಟದಲ್ಲಿ ಷರಾ:
ಪೆಟ್ಟಿಗೆ, ಹಲಸಿನ ಹಲಗೆ, ನಾಲ್ಕು ರೂಪಾಯಿ,
ಗೆರಟಿಯ ಲೆಕ್ಕ, ಎರಡು ಬಾಕಿ.
ಆ ಬಾಕಿಯನ್ನು ಯಾರೂ ಹೊಡೆದುಹಾಕಿಲ್ಲ.

ಪುಸ್ತಕಕ್ಕೂ ಒಂದು ಬೋರರ್ ಬಂದಿತ್ತು.
ಟೂಹಿಯ ಕೊನೆಯ ಮಗಳ ಹೆಸರಿನಲ್ಲಿ ತೂತು, ಸಾಸಿವೆಯಷ್ಟು.
ಹಾಳೆ ತಿರುವಿದೆ, ಇತ್ತು. ತಿರುವಿದೆ, ಇತ್ತು.
ನಲವತ್ತು ಹಾಳೆ ಕೊರೆದು ಹೋಗಿ ಅದು ನಿಂತದ್ದು
ಗೆರಟಿಯ ಸಾವಿನ ಸಾಲಿನ ಮೇಲೆ.
ಊನಾ ಕೇಳಿದ ಗೆರೆಯನ್ನು ನನಗಿಂತ ಮೊದಲೇ ಎಳೆದಿತ್ತು,
ಮದುವೆ ಗಿದುವೆ ಎನ್ನದೆ.

ಅಮ್ಮತ್ತಿಯ ಆಚೆ ಗರಟೆ ಪೈಸಾರಿ ಅಂತ ಒಂದು ಜಾಗ.
ಕಂಡಕ್ಟರು ಕೂಗುವುದನ್ನು ನೂರು ಸಲ ಕೇಳಿದ್ದೆ, ಇಳಿದದ್ದು ಇವತ್ತು.
ಕಿತ್ತಳೆಗೆ ಗೊಬ್ಬರ ಹಾಕುತ್ತಿದ್ದ ಚಾತ ನಕ್ಕ:
"ತೆಂಗಿನ ಮರವಾ? ಇಲ್ಲಿ ಯಾವ ಕಾಲಕ್ಕೂ ಇಲ್ಲ.
ಕೆಂಪು ಗಡ್ಡದ ದೊರೆಯೊಬ್ಬ ಇದ್ದನಂತೆ,
ಗರಟೆಯಲ್ಲೇ ಕಳ್ಳು ಕುಡಿಯೋದಂತೆ, ಅದಕ್ಕೇ ಹೆಸರು."
ಕುಡಿದನೋ ಬಿಟ್ಟನೋ. ಹೆಸರು ಮೊದಲು ಬಂತು,
ಕಥೆ ಹಿಂದಿನಿಂದ ಓಡಿಬಂದು ಸೇರಿಕೊಂಡಿತು.
ಅತ್ತಿಮರದ ಬುಡದಲ್ಲಿ ಒಂದು ಕಲ್ಲು.
ವರ್ಷಕ್ಕೊಮ್ಮೆ ಅಲ್ಲಿ ಗರಟೆಯಲ್ಲಿ ಕಳ್ಳಿಡುತ್ತಾರೆ.
ಯಾರಿಗೆ?
"ಅವನಿಗೇ. ನಮ್ಮವನಲ್ಲ.
ಆದ್ರೂ ಯಾರಾದ್ರೂ ಇಡ್ಬೇಕಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದ್ದವ್ವ
ಕೊಡಗಿನಲ್ಲಿ ಎಲ್ಲರೂ ಮೊದಲು ಕೇಳುವುದನ್ನೇ ಕೇಳಿದರು:
ಮನೆಪೆದ?
ನನ್ನದು ಅಜ್ಜನಿಂದಾಚೆ ಇಲ್ಲ. ಮಂಗಳೂರಿನ ಹಂಚಿನ ಗಾಡಿಯ ಹಿಂದೆ
ಘಟ್ಟ ಹತ್ತಿ ನಡೆದು ಬಂದವನು, ಹಿಂದಿನದನ್ನು ಹೇಳದೆ ಹೋದ.
"ಟೂಹಿ" ಅಂದೆ. ಯಾಕೆ ಅಂದೆನೋ.
ಅವರು ತಲೆದೂಗಿ,
ಯಾವ ನಾಡು, ಎಂದರು.

ಊನಾ, ನಿಮ್ಮ ನಮೂನೆಯಲ್ಲಿ 'ಸಂಬಂಧ' ಎಂಬಲ್ಲಿ
ಒಂದೂವರೆ ಇಂಚು ಜಾಗ ಬಿಟ್ಟಿದ್ದೀರಿ.
ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ:
ನೀರು ಬೀಳುವಾಗ ಒಬ್ಬರ ಮಗುವನ್ನು ಒಬ್ಬರು ಹಿಡಿದಿದ್ದರು.
ಎರಡು ರೂಪಾಯಿ ಬಾಕಿ ಇದೆ.