ಹದಿನೇಳು ವಾಲ್ವು

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಮಾರ್ಚ್ ಇಪ್ಪತ್ತೆಂಟು.
ಬರುವ ವರ್ಷದ ಎರಕ ಯಾರಿಗೆ ಅಂತ
ಸಂಜೆಯೊಳಗೆ ಹೇಳಬೇಕು.

ಮೂವರಿದ್ದಾರೆ. ಕೊಯಮತ್ತೂರಿನ ದೊಡ್ಡ ಫೌಂಡ್ರಿ,
ಹೂಟಗಳ್ಳಿಯ ಇಲಿಯಾಜ್ ಅಂಡ್ ಬ್ರದರ್ಸ್,
ಬೆಳಗೊಳದ ಪುಟ್ಟಮಾದಪ್ಪ: ಒಂದೇ ಕುಲುಮೆ, ಎಂಟು ಆಳು.

ಮೊದಲು ಎರಡೆರಡನ್ನೇ ಎದುರುಬದುರು ನಿಲ್ಲಿಸಬೇಕು.
ಬೆಲೆ ಹೆಚ್ಚೋ, ಗುಣ ಹೆಚ್ಚೋ?
ಗುಣ, ಮೂರು ಪಟ್ಟು.
ಬೆಲೆಯೋ, ವೇಳೆಯೋ?
ಬೆಲೆ, ಎರಡು ಪಟ್ಟು.
ಗುಣವೋ ವೇಳೆಯೋ ಅಂದಾಗ ಮಾತ್ರ
ರಿಂಗ್ ರೋಡಿನಲ್ಲಿ ಎರಡು ದಿನ ಕೆಟ್ಟು ನಿಂತ ಲಾರಿ,
ಕೈಕಟ್ಟಿ ಕೂತ ಇಡೀ ಶಿಫ್ಟು ಕಣ್ಣಿಗೆ ಬಂದು
ವೇಳೆ, ಅಂದುಬಿಟ್ಟೆ.

ಹಾಳೆ ಕೆಂಪಾಯಿತು.
ಪಾಯಿಂಟ್ ಒಂದು ದಾಟಬಾರದಂತೆ, ದಾಟಿದ್ದೇನೆ.
ಅಂದರೆ, ಅಮ್ಮಾ,
ನಿಮ್ಮ ಮಾತಿಗೆ ನಿಮ್ಮ ಮಾತೇ ಒಪ್ಪುತ್ತಿಲ್ಲ.
ಮನೆಯಲ್ಲೂ ಹೇಳುತ್ತಾರೆ ಇದನ್ನು,
ದಶಮಾಂಶ ಕೊಡುವುದಿಲ್ಲ.

ತಿದ್ದಿದೆ. ದೂರವನ್ನೂ ಸೇರಿಸಿ ನಾಲ್ಕು ತೂಕ,
ಕೂಡಿದರೆ ಒಂದೇ.
ಒಂದಕ್ಕೆ ಚೂರು ಹೆಚ್ಚು ಬೇಕೆಂದರೆ
ಇನ್ನೊಂದರ ತಟ್ಟೆಯಿಂದಲೇ ಮುರಿಯಬೇಕು,
ನಾಲ್ಕು ಮಕ್ಕಳ ಮುಂದೆ ಉಳಿದ ಒಂದು ಒಬ್ಬಟ್ಟು.

ಕಳೆದ ಜೂನಿನಲ್ಲಿ, ರಾತ್ರಿ ಹತ್ತೂವರೆಗೆ, ಫೋನು.
"ಮೇಡಂ, ಪುಟ್ಟಮಾದಪ್ಪ.
ಬೆಳಿಗ್ಗೆ ಬಂದ ಲೋಡಲ್ಲಿ ಕೊನೇ ಹದಿನೇಳು ವಾಲ್ವು
ಮಿಷಿನ್ಗೆ ಹಾಕ್‌ಬ್ಯಾಡಿ.
ಮರಳು ಹಸಿ ಇತ್ತು. ಒಳಗೆ ಗುಳ್ಳೆ ಐತೆ,
ಹೊರಗಿಂದ ಕಾಣಾಕಿಲ್ಲ."
ನಮ್ಮವರು ಆಗಲೇ ನೋಡಿ ಪಾಸು ಮುದ್ರೆ ಹೊಡೆದಿದ್ದರು.
ಕತ್ತರಿಸಿದೆವು. ಹದಿನಾರರಲ್ಲಿ ಗುಳ್ಳೆ.
ಒಂದು ಸರಿಯಿತ್ತು, ಅದನ್ನೂ ಕತ್ತರಿಸಿಯಾಗಿತ್ತು.
ಅದಕ್ಕೂ ಬಿಲ್ಲು ಬರಲಿಲ್ಲ.

ಇದು ಯಾವ ಕಾಲಮ್ಮಿಗೆ?
ಹಾಳೆಗೆ ಗೊತ್ತಿರುವುದು ಇಷ್ಟು:
ತಿರಸ್ಕೃತ ಮಾಲು ಹದಿನೇಳು, ಗುಣದಲ್ಲಿ ಅಂಕ ಕಡಿತ.
ಕೊಯಮತ್ತೂರಿಗೆ ಕಡಿತವಿಲ್ಲ.
ಅವರ ಗುಳ್ಳೆಗಳ ಬಗ್ಗೆ
ಯಾರೂ ಫೋನು ಮಾಡಿಲ್ಲ.

ಕೊಯಮತ್ತೂರು, ಪಾಯಿಂಟ್ ಮೂರು ಎಂಟು.
ಪುಟ್ಟಮಾದಪ್ಪ, ಮೂರು ಆರು.
ಉಳಿದದ್ದು ಇಲಿಯಾಜ್‌ಗೆ.

ಬೆಲೆಯಿಂದ ಚೂರು ಕಿತ್ತು ದೂರಕ್ಕೆ ಸರಿಸಿದರೆ
ಮೇಲಿನದು ಕೆಳಗೆ. ಒಂದು ಬೆರಳಿನ ಕೆಲಸ.
ಸರಿಸಿ ನೋಡಿದೆ.
ವಾಪಸ್ ಇಟ್ಟೆ.
ಆತನ ಹೆಸರಲ್ಲಿ
ನಾನು ಗುಳ್ಳೆ ಮುಚ್ಚಬಾರದು.

ಐದೂಕಾಲಿಗೆ ಜಿನದತ್ತ ಸಾಹೇಬರು ಇಣುಕಿದರು.
"ಆಯ್ತೇನಮ್ಮ?"
"ಆಯ್ತು ಸಾರ್. ಕೊಯಮತ್ತೂರು."

ಅವರು ಹೋದ ಮೇಲೆ
ಮುಂದಿನ ವರ್ಷದ ಖಾಲಿ ಹಾಳೆ ತೆಗೆದು
ಐದನೆಯ ಕಾಲಮ್ಮು ಎಳೆದೆ.
ತಲೆಬರಹ ಹೊಳೆಯಲಿಲ್ಲ.
ಸದ್ಯಕ್ಕೆ
'ರಾತ್ರಿ ಹತ್ತೂವರೆ' ಎಂದು ಬರೆದಿಟ್ಟಿದ್ದೇನೆ.