ಬಲಮಗ್ಗುಲ ಕೋಣೆ

ದೇವರಾಜ ಅರಸು ರಸ್ತೆಯ ಮಹಡಿ ಆಫೀಸಿನಲ್ಲಿ
ದೇಚಮ್ಮ ಅನ್ನೋ ಹುಡುಗಿ ಹಡಗಿನ ನಕ್ಷೆ ಬಿಡಿಸಿದಳು.
ಹನ್ನೊಂದು ಅಂತಸ್ತು. ನೀರಿಗಿಳಿದ ಸಕ್ಕರೆ ಕಾರ್ಖಾನೆ.
"ಒಳಗಿನ ಕೋಣೆ ಅಗ್ಗ ಅಂಕಲ್, ಕಿಟಕಿ ಇರಲ್ಲ.
ಕಿಟಕಿ ಬೇಕಂದ್ರೆ ಆರು ಸಾವಿರ ಮೇಲೆ,
ಬಾಲ್ಕನಿಗೆ ಹದಿನಾಲ್ಕು. ತಲೆಗೆ."

ತಲೆಗೆ ಅಂದಾಗ ಸಣ್ಣತಾಯಿ ನನ್ನ ತಲೆ ನೋಡಿದಳು.

ಮೂವತ್ತೊಂದು ವರ್ಷ ಕನ್ನಂಬಾಡಿ ಕಟ್ಟೆಯ ಮೇಲೆ
ಬೆಳಕು ಹರಿಯೋ ಮುಂಚೆ, ಟಾರ್ಚು ಬಿಟ್ಟು,
ನೀರಿನ ಮಟ್ಟ ಓದಿದವನು ನಾನು.
ಅಡಿ ಇಷ್ಟು. ಒಳಹರಿವು ಇಷ್ಟು. ಹೊರಹರಿವು ಇಷ್ಟು. ರುಜು.
ಕೆಲವು ವರ್ಷ ಆ ಮೂರನೇ ಅಂಕಿ ಬರೆಯುವಾಗ
ಬೆನ್ನ ಹಿಂದೆ ಪೊಲೀಸಿನವರು ನಿಂತಿರುತ್ತಿದ್ದರು,
ಮಂಡ್ಯದ ಸರ್ಕಲ್ಲಿನಲ್ಲಿ ಟೈರು ಉರಿಯುತ್ತಿತ್ತು.
ಹೋದ ನೀರು ಎಲ್ಲಿ ಮುಟ್ಟಿತು ಅಂತ
ಯಾರೂ ನನಗೆ ರಸೀದಿ ಕೊಡಲಿಲ್ಲ.

ಸಣ್ಣತಾಯಿಗೆ ಬೇಕಾದ್ದು ಮುಂಬೈ ಹಡಗು.
ಗೋವಾ, ಲಕ್ಷದ್ವೀಪ, ಇಳಿದು ಓಡಾಡೋ ದಿನ ಎರಡು.
ಚೆನ್ನೈನದ್ದಕ್ಕೆ ಸಿಂಹಳದ ಒಂದೇ ಬಂದರು,
ಮಿಕ್ಕಿದ್ದೆಲ್ಲ ಬರೀ ನೀರು.
"ನೀರು ನೋಡಿ ನಿಮಗೆ ಸಾಕಾಗಿಲ್ವಾ?"
ಹಾಲಿನ ಡೈರಿ ಪುಸ್ತಕದ ಹಿಂಬದಿಯಲ್ಲಿ
ಗೀಟು ಎಳೆದು ಎರಡನ್ನೂ ಅಕ್ಕಪಕ್ಕ ಬರೆದುಕೊಂಡಳು:
ಊಟ ಸೇರಿದೆ. ಒಳ್ಳೆ ಕಾಫಿ ಸೇರಿಲ್ಲ.
ಕುಡಿಯೋರ ಬಿಲ್ಲು ಬೇರೆ, ನಮಗದು ಉಳಿತಾಯ.
ಭಕ್ಷೀಸು ದಿನಕ್ಕಿಷ್ಟು ಅಂತ ಕೊನೇ ದಿನ ಹಿಡೀತಾರೆ,
ಈಗಲೇ ಕೂಡಿ ಇಟ್ಕೊಳ್ಳಬೇಕು.
ಹಡಗು ಬಿಡೋ ದಿನ ರೈಲಿಳಿಯಬಾರದು, ಹಿಂದಿನ ದಿನವೇ ಹೋಗಬೇಕು,
ರೈಲು ತಡವಾದರೆ ಹಡಗು ಯಾರನ್ನೂ ಕಾಯಲ್ಲ.
ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯಸ್ಸಿರಬೇಕು.
"ಅಷ್ಟು ನಮಗೂ ಇರಲಿ" ಅಂತ ಪೆನ್ನಿನ ಟೋಪಿ ಹಾಕಿದಳು.

ನಾಲ್ಕು ದಿನ ಮುಂಚೆ ಈ ನಕ್ಷೆಯದ್ದೇ ಜೆರಾಕ್ಸು ಹಿಡಿದು
ರಂಗನತಿಟ್ಟಿನ ದೋಣಿ ಚೌಡಯ್ಯನ ಹತ್ತಿರ ಹೋಗಿದ್ದೆ.
ಸಮುದ್ರ ಅವನೂ ಕಂಡವನಲ್ಲ.
ಕಾಗದ ಒಂದು ಸುತ್ತು ತಿರುಗಿಸಿ
ಹೆಬ್ಬೆರಳು ಒತ್ತಿದ: ಹೊಟ್ಟೆಯ ನಡೂಮಧ್ಯೆ, ಕೆಳಗಡೆಗೆ.
"ತುದೀಲಿ ಕೂತೋನು ಉಯ್ಯಾಲೆ ಆಡ್ತಾನೆ, ಮೇಲೆ ಕೂತೋನು ಇನ್ನೂ ಜಾಸ್ತಿ.
ಇಲ್ಲಿ ಕೂತೋನಿಗೆ ತಿಂದದ್ದು ತಿಂದಲ್ಲೇ ಇರ್ತದೆ."
ದೇಚಮ್ಮನ ಕಂಪ್ಯೂಟರೂ ಅದನ್ನೇ ಹೇಳಿತು,
ಚೌಡಯ್ಯನ ಹಾಗೆ ಒಣಶುಂಠಿ ಮಾತ್ರ ಕೊಡಲಿಲ್ಲ.

"ನವೆಂಬರಿನಲ್ಲಿ ಅರ್ಧ ರೇಟು ಅಂಕಲ್."
ಯಾಕೆ ಅರ್ಧ ಅಂತ ಕೇಳಬೇಕು, ಕೇಳಿದೆ.
ಆ ಕಡೆ ಹಿಂಗಾರು, ಗಾಳಿ ಎದ್ದರೆ ಬಂದರೇ ಬದಲಾಯಿಸುತ್ತಾರಂತೆ.
ಫೆಬ್ರವರಿ ಹಾಕಮ್ಮ ಅಂದೆ.
ಆಗ ನಮ್ಮ ಕಟ್ಟೆಯಲ್ಲೂ ನೀರು ಸದ್ದಿಲ್ಲದೆ ಇಳಿಯೋ ಕಾಲ.

ಆಮೇಲೆ, ಸಣ್ಣತಾಯಿ ನೀರು ಕುಡಿಯೋಕೆ ಎದ್ದಾಗ,
"ಚೆನ್ನೈ ಬಿಟ್ಟು ತೆಂಕಲಿಗೆ ಹೋಗ್ತಾ
ದಡ ಯಾವ ಮಗ್ಗುಲಿಗೆ ಬರುತ್ತೆ?" ಅಂದೆ.
"ಬಲಕ್ಕೆ. ಆದರೆ ಅಲ್ಲಿ ರಾತ್ರಿ ದಾಟುತ್ತೆ, ದಡ ದೂರ,
ಏನೂ ಕಾಣಲ್ಲ ಅಂಕಲ್. ದುಡ್ಡು ದಂಡ."
"ಕಾವೇರಿ ಸೇರೋ ಜಾಗ?"
ಅವಳು ಪರದೆ ನೋಡಿದಳು, ನನ್ನ ನೋಡಿದಳು.
"ನಮ್ಮೂರು ಭಾಗಮಂಡಲದ ಹತ್ತಿರ" ಅಂದಳು, ನಾನು ಕೇಳದೇನೇ.
ಮತ್ತೆ ಬೆಲೆಯ ಮಾತು ಎತ್ತಲಿಲ್ಲ.

ಚೆನ್ನೈ. ಫೆಬ್ರವರಿ. ನಡು ಹಡಗು, ಕೆಳಗಿನ ಅಂತಸ್ತು,
ಬಲಮಗ್ಗುಲು, ಬಾಲ್ಕನಿ.

ಮೆಟ್ಟಿಲಿಳಿಯುತ್ತ ಸಣ್ಣತಾಯಿ ಮಾತಾಡಲಿಲ್ಲ.
ಬಸ್ಸು ಪಶ್ಚಿಮವಾಹಿನಿ ಸೇತುವೆ ಹತ್ತಿದಾಗ
ಪುಸ್ತಕ ತೆಗೆದು ಬರೆದಳು, ಕುಲುಕಾಟಕ್ಕೆ ಅಕ್ಷರ ಸೊಟ್ಟ:
ಕತ್ತಲೆ ನೋಡಲು, ಹದಿನಾಲ್ಕು ಇಂಟು ಎರಡು.
ಕೆಳಗೆ ಗೀಟು ಎಳೆದಳು.
ಸ್ವಲ್ಪ ಹೊತ್ತಿಗೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ,
"ನಿಮ್ಮ ಟಾರ್ಚು ತಗೊಳ್ಳಿ" ಅಂದಳು.
"ಅದಕ್ಕೆ ದುಡ್ಡಿಲ್ಲ."