ಬ್ಯಾಗಿನ ಬಾಯಿ

ಸೋಮವಾರ ಬೆಳಿಗ್ಗೆ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ
ಸ್ಕ್ಯಾನರಿನ ಹೊಟ್ಟೆಯಿಂದ ಹೊರಬಂದ ನನ್ನ ಬ್ಯಾಗನ್ನು
ಎತ್ತಿಕೊಟ್ಟ ಹುಡುಗಿ ಏನೂ ಅನ್ನಲಿಲ್ಲ.
ಮೂಗು ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯಿತು.

ಅತ್ತಿಗೆ ಕಾರವಾರದಿಂದ ಕಳಿಸಿದ್ದ ಒಣ ಸಿಗಡಿ ಚಟ್ನಿ.
ಡಬ್ಬಿಯ ಮುಚ್ಚಳಕ್ಕೆ ಒಂದೇ ಒಂದು ಸುತ್ತು ಕಡಿಮೆ,
ಅಷ್ಟೇ. ಎಣ್ಣೆ ತನ್ನ ದಾರಿ ತಾನೇ ಹುಡುಕಿಕೊಂಡು
ಬಾಚಣಿಗೆ, ಕರವಸ್ತ್ರ, ಕರೆಂಟ್ ಬಿಲ್ಲು,
ಹಲ್ಲಿನ ಆಸ್ಪತ್ರೆಯ ಗುರುತಿನ ಚೀಟಿಯಲ್ಲಿ ನಗುತ್ತಿದ್ದ ನನ್ನ ಮುಖ
ಎಲ್ಲರನ್ನೂ ಮಾತಾಡಿಸಿಕೊಂಡು ಅಸ್ತರಿಗೆ ಇಳಿದಿತ್ತು.

ತಟ್ಟೆಯಲ್ಲಿ ಘಮ, ಬ್ಯಾಗಿನಲ್ಲಿ ನಾತ.
ಒಂದೇ ಸಿಗಡಿ.

ಇನ್ನೊಂದು ಮಾತು. ಬಾಡಿಗೆ ಕುದುರಿಸುವಾಗ
ಮೇಲಿನ ಮನೆಯ ಅಂಬುಜಾಕ್ಷಮ್ಮನವರು ಕೇಳಿದ್ದರು,
"ನೀವು... ತಿನ್ನೋದಿಲ್ಲ ತಾನೆ?"
ಏನನ್ನು ಅಂತ ಅವರು ಹೇಳಲಿಲ್ಲ.
ಇಲ್ಲ ಅಂತ ನಾನು ಹೇಳಿದೆ.
ಹನ್ನೊಂದು ತಿಂಗಳ ಕರಾರು ಆ ಒಂದು ಇಲ್ಲದ ಮೇಲೆ ನಿಂತಿದೆ.

ಹೀಗಾಗಿ ಚಿಕಿತ್ಸೆಯೆಲ್ಲ ರಾತ್ರಿಯೇ, ಕಿಟಕಿ ಮುಚ್ಚಿ.
ಫ್ಲೇವಿಯಾ ಫೋನಿನಲ್ಲಿ ಹೇಳಿದಳು: ಅಡಿಗೆ ಸೋಡ,
ನಾಲ್ಕು ಚಮಚ, ಒಳಗೆ ಉದುರಿಸಿ ಮಲಗಿಸಿಬಿಡು.
ಬೆಳಿಗ್ಗೆ ಜಾಡಿಸಿದರೆ ಸೋಡಕ್ಕೂ ಸಿಗಡಿ.
ಎಂಟನೇ ಕ್ರಾಸಿನಲ್ಲಿ ನೂರು ಗ್ರಾಂ ಕಾಫಿಪುಡಿ.
"ಚಿಕೋರಿ ಎಷ್ಟು ಹಾಕ್ಲಿ ಮೇಡಂ?"
ಬ್ಯಾಗಿಗೆ ಎಷ್ಟು ಚಿಕೋರಿ ಹಿಡಿಸುತ್ತದೆಂದು ನನಗೇನು ಗೊತ್ತು?
ಮೂವತ್ತು ಪರ್ಸೆಂಟ್ ಅಂದೆ.
ಹಳೆ ಕಾಲುಚೀಲಕ್ಕೆ ತುಂಬಿ ಒಳಗಿಟ್ಟೆ.
ಮರುದಿನ ಮೂಸಿದರೆ, ಮೀನು ಒಣಹಾಕಿದ ಕಡಲ ದಂಡೆಯಲ್ಲಿ
ಯಾರೋ ಕಾಫಿ ಹೋಟೆಲು ತೆರೆದಿದ್ದರು.

ಕಿತ್ತಳೆ ಸಿಪ್ಪೆ. ಅದಕ್ಕೆ ಬೂಸ್ಟು ಹಿಡಿಯಿತು.
ವಿನೆಗರಿನಲ್ಲಿ ಅದ್ದಿದ ಬಟ್ಟೆ. ಅಸ್ತರು ಉಪ್ಪಿನಕಾಯಿ ಜಾಡಿಯಾಯಿತು.
ಹಳೆ ಪೇಪರು ಮುದುಡಿ ತುರುಕಿದೆ: ಚುನಾವಣೆ,
ನಿಧನ, ವಧು ಬೇಕಾಗಿದ್ದಾಳೆ,
ಎಲ್ಲ ಸೇರಿ ಸ್ವಲ್ಪ ಹೀರಿಕೊಂಡವು. ಸ್ವಲ್ಪ.

ಕೊನೆಗೆ ಬೀದಿ ತಿರುವಿನ ಇಸ್ತ್ರಿ ಗಾಡಿಯ ಏಳುಮಲೈ
ಪೆಟ್ಟಿಗೆಯ ಬೂದಿ ಕೊಡವುತ್ತಾ ಅಂದ,
"ಇದ್ದಿಲು ಇಡಮ್ಮ, ಆರಿದ್ದು. ಅದು ಎಲ್ಲ ತಿಂತದೆ.
ತಿಂದೆ ಅಂತ ಯಾರ್ಗೂ ಹೇಳಲ್ಲ."

ಮೂರು ರಾತ್ರಿ. ತನ್ನ ಕಪ್ಪಿನಲ್ಲೇ ಕೂತ ಇದ್ದಿಲು
ಸಿಗಡಿಯನ್ನೂ, ಸಿಗಡಿಯ ಮೇಲೆ ನಾನು ಹೇರಿದ
ಕಾಫಿ ಕಿತ್ತಳೆ ವಿನೆಗರುಗಳನ್ನೂ ನುಂಗಿತು,
ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗೆ ಬಿಸಿಲು ಬೇಕು.
ಬಿಸಿಲು ತಾರಸಿಯ ಮೇಲಿದೆ,
ತಾರಸಿ ಅಂಬುಜಾಕ್ಷಮ್ಮನವರದು.

ಭಾನುವಾರ ಅವರೇ ಇಳಿದು ಬಂದರು.
ಸೆರಗಿನಡಿ, ಮದುವೆಮನೆಗೆ ಒಯ್ಯುವ ಜರಿ ಬ್ಯಾಗು.
"ನಿಮ್ಮ ಬ್ಯಾಗಿಗೇನೋ ಮದ್ದು ಮಾಡ್ತಿದೀರಂತೆ."
ಇದ್ದಿಲು ಹೇಳಿರಲಿಲ್ಲ, ಏಳುಮಲೈ ಹೇಳಿದ್ದ.
"ಇದಕ್ಕೂ ಏನಾದ್ರೂ..." ಜಿಪ್ಪು ಎಳೆದರು.
ಬಗ್ಗಿ ಮೂಸಿದೆ. ಡಾಲ್ಡಾ, ಈರುಳ್ಳಿ, ಮೆಣಸು,
ಅವುಗಳ ಹಿಂದೆ, ಅನುಮಾನವೇ ಇಲ್ಲ,
ಬೇಕರಿಯ ಎಗ್ ಪಫ್.
ಮೂಲೆಯಲ್ಲಿ ಒಣಗಿದ ಹಳದಿಯ ಚೂರು.
"ಮೊಮ್ಮಗಂದು" ಅಂದರು.

ಮೊಮ್ಮಗನಿಗೆ ಐದು ತಿಂಗಳು.
ಹಲ್ಲಿನ ವಿಷಯ ನನಗೆ ಸ್ವಲ್ಪ ಗೊತ್ತು.

"ಇದ್ದಿಲು" ಅಂದೆ. "ಆಮೇಲೆ ಬಿಸಿಲು."
ಅವರು ನನ್ನ ಬ್ಯಾಗಿನತ್ತ ಬಾಗಿದರು. ತುಸು ಹೊತ್ತು ಬಾಗಿಯೇ ಇದ್ದರು.
ಸೊಂಟದ ಗೊಂಚಲಿನಿಂದ ತಾರಸಿಯ ಬೀಗದ ಕೈ ಬಿಡಿಸಿದರು.

ಈಗ ಶ್ರೀರಾಂಪುರದ ಮಧ್ಯಾಹ್ನ. ನೀರಿನ ಟ್ಯಾಂಕಿನ ಪಕ್ಕ
ಒಂದೇ ತಂತಿಗೆ ಎರಡು ಬ್ಯಾಗು,
ಅಸ್ತರು ಹೊರಗೆಳೆದು, ಬಾಯಿ ತೆರೆದುಕೊಂಡು.
ಎಲ್ಲಿಂದಲೋ ಒಂದು ಕಾಗೆ ಬಂದು
ಇದಕ್ಕೊಮ್ಮೆ ಅದಕ್ಕೊಮ್ಮೆ ಇಣುಕಿ,
ಕತ್ತು ಓರೆ ಮಾಡಿ ನಮ್ಮಿಬ್ಬರನ್ನೂ ನೋಡಿತು.

"ಹುಶ್" ಅಂದೆವು,
ಇಬ್ಬರೂ ಒಟ್ಟಿಗೆ.